ಚಾಕಿ ಮನೆಯ ಹೀಟರ್ ಪ್ಯಾನೆಲ್: ಸೆನ್ಸರ್ ದೋಷವನ್ನು ಪತ್ತೆ ಹಚ್ಚುವ ಬಗೆ

(ಕೋಣನಕುಂಟೆಯಲ್ಲಿ ಚಾಕಿ ಸಾಕಾಣಿಕೆದಾರರಿಗೂ ವಿಸ್ತರಣಾ ಕಾರ್ಯಕರ್ತರಿಗೂ ನೀಡಿದ ಭಾಷಣದ ಪಾಠ)



ಕನಕಪುರ ರಸ್ತೆಯ ಕೋಣನಕುಂಟೆ ಇಂದು ಹಳ್ಳಿಯಾಗಿ ಉಳಿದಿಲ್ಲ, ಬೆಂಗಳೂರು ನಗರದೊಳಗೆ ಸೇರಿಹೋಗಿದೆ. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ಮುಂದಕ್ಕೆ ಮೆಟ್ರೊ ರೈಲು ಓಡತೊಡಗಿದಾಗ ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ ಎಂದು ಸಾಲಾಗಿ ನಿಲ್ದಾಣಗಳು ಬಂದವು. ಆ ಸಾಲಿನ ಕೊನೆಯ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆ ಎಂಬ ಹೆಸರು ಬಂದದ್ದು ತಲಘಟ್ಟಪುರದಲ್ಲಿರುವ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಿಂದ. ಅಲ್ಲಿಂದ ಮುಂದೆ ಕಗ್ಗಲೀಪುರ, ಹಾರೋಹಳ್ಳಿ ದಾಟಿ ಕನಕಪುರದ ಕಡೆ ಹೋದರೆ ಹಿಪ್ಪುನೇರಳೆ ತೋಟಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಅತ್ತ ಸೊಪ್ಪು ಬೆಳೆಯುವ ಹಳ್ಳಿಗಳು, ಇತ್ತ ಮೀಟರು, ತಂತಿ, ಸೆನ್ಸರುಗಳನ್ನು ಮಾರುವ ನಗರ. ಎರಡರ ನಡುವಣ ಈ ಊರಿನಲ್ಲಿ ಚಾಕಿ ಮನೆಯ ಹೀಟರನ್ನು ನಿಯಂತ್ರಿಸುವ ಪ್ಯಾನೆಲ್ಲಿನ ವಿಷಯ ಮಾತಿಗೆ ಬರುವುದು ಸಹಜವೇ ಆಗಿದೆ.

ಹಿಂದೆ ರೈತರು ತಮ್ಮ ತಮ್ಮ ಮನೆಯಲ್ಲಿಯೇ ಚಾಕಿ ಕಟ್ಟುತ್ತಿದ್ದರು. ಚಳಿ ಹೆಚ್ಚಾದರೆ ಬಾಂಡಲಿಯಲ್ಲಿ ಇದ್ದಿಲು ಕೆಂಡ ಮಾಡಿ ಕೋಣೆಯ ಮೂಲೆಯಲ್ಲಿ ಇಡುತ್ತಿದ್ದರು. ಹೊಗೆಯಿಂದ ಹುಳುವಿಗೂ ತೊಂದರೆ, ಮುಚ್ಚಿದ ಕೋಣೆಯಲ್ಲಿ ವಿಷಾನಿಲದಿಂದ ಮನುಷ್ಯರ ಜೀವಕ್ಕೂ ಅಪಾಯ. ಆದರೂ ಆ ಪದ್ಧತಿಯಲ್ಲಿ ಒಂದು ಅನುಕೂಲವಿತ್ತು. ಕೆಂಡವನ್ನು ನೋಡಿಕೊಳ್ಳಲು ಮನೆಯವರೊಬ್ಬರು ರಾತ್ರಿ ಎದ್ದೇ ಇರುತ್ತಿದ್ದರು. ಕೋಣೆ ತಣ್ಣಗಾಯಿತೋ ಬಿಸಿಯಾಯಿತೋ ಎಂಬುದು ಅವರ ಮೈಗೇ ತಿಳಿಯುತ್ತಿತ್ತು. ಇಂದು ಚಾಕಿ ಸಾಕಾಣಿಕಾ ಕೇಂದ್ರಗಳಲ್ಲಿ ಆ ಕೆಲಸವನ್ನು ಗೋಡೆಗೆ ತೂಗುಹಾಕಿದ ಒಂದು ಪೆಟ್ಟಿಗೆ ಮಾಡುತ್ತದೆ. ಪೆಟ್ಟಿಗೆ 28 ಎಂದು ತೋರಿಸಿದರೆ ಎಲ್ಲರೂ ನಿಶ್ಚಿಂತೆಯಿಂದ ಮಲಗುತ್ತಾರೆ.

ಒಂದು ಕೇಂದ್ರದಲ್ಲಿ ಒಂದು ಸಲಕ್ಕೆ 5,000 ಮೊಟ್ಟೆ ಸಾಕುತ್ತಾರೆಂದು ಇಟ್ಟುಕೊಂಡರೆ, ತಲಾ 100ರಿಂದ 200 ಮೊಟ್ಟೆಯ ಹುಳು ಕೊಂಡೊಯ್ಯುವ 25ರಿಂದ 50 ಸಂಸಾರಗಳ ಬೆಳೆ ಆ ಒಂದೇ ಕೋಣೆಯಲ್ಲಿ ಇರುತ್ತದೆ. 100 ಮೊಟ್ಟೆಯೆಂದರೆ ಸುಮಾರು 40ರಿಂದ 50 ಸಾವಿರ ಹುಳು. ಇಷ್ಟರ ಕಾವಲಿಗೆ ಇರುವುದು ಬೆರಳಿನಷ್ಟು ಉದ್ದದ ಒಂದು ಸೆನ್ಸರ್. ಅದು ಎರಡು ಡಿಗ್ರಿ ತಪ್ಪು ಹೇಳಿದರೆ ಕೇಂದ್ರದಲ್ಲಿ ಯಾರಿಗೂ ಆ ದಿನ ಏನೂ ತೋರದು. ನಷ್ಟ ಕಾಣುವುದು ಎರಡು ಮೂರು ವಾರಗಳ ನಂತರ, ಬೇರೆ ಊರಿನ ಬೇರೊಬ್ಬ ರೈತನ ಚಂದ್ರಿಕೆಯಲ್ಲಿ. ಆಗ ಸೊಪ್ಪನ್ನು ದೂರುತ್ತಾರೆ, ಮೊಟ್ಟೆಯನ್ನು ದೂರುತ್ತಾರೆ. ಸೆನ್ಸರನ್ನು ಕೇಳುವವರೇ ಇರುವುದಿಲ್ಲ.

ಹುಳುವಿಗೆ ಬೇಕಾದ ಉಷ್ಣತೆ

ರೇಷ್ಮೆ ಹುಳು ಶೀತರಕ್ತದ ಜೀವಿ. ಸುತ್ತಲಿನ ಗಾಳಿಯ ಉಷ್ಣತೆ ಎಷ್ಟೋ ಅದರ ಮೈಯ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ. ಮೊಟ್ಟೆ ಕಾವಿಗೆ ಇಡುವಾಗ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 80ರಷ್ಟು ತೇವಾಂಶ ಇರಬೇಕು. ಮೊದಲ ಮತ್ತು ಎರಡನೆಯ ಹಂತದ ಮರಿಗಳಿಗೆ 27ರಿಂದ 28 ಡಿಗ್ರಿ, ಶೇ. 85ರಿಂದ 90 ತೇವಾಂಶ. ಮೂರನೆಯ ಹಂತಕ್ಕೆ 26, ನಾಲ್ಕಕ್ಕೆ 25, ಐದಕ್ಕೆ 24 ಎಂದು ಹುಳು ಬೆಳೆದಂತೆಲ್ಲ ಉಷ್ಣತೆ ಇಳಿಯಬೇಕು. ಬೆಂಗಳೂರು ಸೀಮೆಯಲ್ಲಿ ಡಿಸೆಂಬರ್, ಜನವರಿ ತಿಂಗಳ ರಾತ್ರಿಗಳಲ್ಲಿ ಹೊರಗಿನ ಉಷ್ಣತೆ 15-16 ಡಿಗ್ರಿಗೆ ಇಳಿಯುವುದುಂಟು. ಹೊರಗೂ ಒಳಗೂ 12 ಡಿಗ್ರಿಯ ಅಂತರವನ್ನು ಬೆಳಗಿನವರೆಗೆ ಕಾಯುವ ಭಾರ ಹೀಟರಿನ ಮೇಲೆ ಬೀಳುತ್ತದೆ.

ಮಿಶ್ರತಳಿಯ ಹುಳು ಸ್ವಲ್ಪ ಏರುಪೇರನ್ನು ತಾಳಿಕೊಂಡೀತು. ಸಿ.ಎಸ್.ಆರ್. 2 × ಸಿ.ಎಸ್.ಆರ್. 4ರಂತಹ ದ್ವಿತಳಿ ಸಂಕರಣಗಳು ಅಷ್ಟು ಸೈರಣೆಯವಲ್ಲ. ಉಷ್ಣತೆ ಕಡಿಮೆಯಾದರೆ ಮೇವು ತಿನ್ನುವುದು ನಿಧಾನವಾಗಿ, ಕೆಲವು ಹುಳು ಜ್ವರಕ್ಕೆ ಹೋಗಿ ಕೆಲವು ಇನ್ನೂ ಸೊಪ್ಪು ತಿನ್ನುತ್ತಿರುತ್ತವೆ. ಚಾಕಿಯಲ್ಲಿ ಹೀಗೆ ಹಿಂದೆ ಮುಂದೆ ಆದ ಹುಳುಗಳನ್ನು ಮುಂದೆ ಒಂದು ಮಟ್ಟಕ್ಕೆ ತರುವುದು ಕಷ್ಟ. ಉಷ್ಣತೆ ಹೆಚ್ಚಾದರೆ ಸೊಪ್ಪು ಬಾಡುತ್ತದೆ. ಹುಳು ಬೇಗ ಬೇಗ ಬೆಳೆದಂತೆ ಕಂಡರೂ ಸೊರಗಿ, ದೊಡ್ಡ ಹುಳುವಾದಾಗ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ.

ಪ್ಯಾನೆಲ್ ಕೆಲಸ ಮಾಡುವ ರೀತಿ

ಪ್ಯಾನೆಲ್ಲಿನಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ. ಕೋಣೆಯಲ್ಲಿ ತೂಗಾಡುವ ಸೆನ್ಸರ್, ಅದರಿಂದ ಪೆಟ್ಟಿಗೆಗೆ ಬರುವ ತಂತಿ, ಅಂಕಿ ತೋರಿಸುವ ಕಂಟ್ರೋಲರ್, ಅದರ ಆಜ್ಞೆಯಂತೆ ಹೀಟರಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರ್ ಅಥವಾ ರಿಲೇ. ಕಂಟ್ರೋಲರಿಗೆ ಕೋಣೆಯ ಸ್ಥಿತಿ ನೇರವಾಗಿ ತಿಳಿಯದು. ಸೆನ್ಸರ್ ಹೇಳಿದ್ದೇ ಅದಕ್ಕೆ ಸತ್ಯ. ಸೆನ್ಸರ್ 28 ಎಂದರೆ ಅದು ಹೀಟರನ್ನು ನಿಲ್ಲಿಸುತ್ತದೆ, 27 ಎಂದರೆ ಹಚ್ಚುತ್ತದೆ. ಆದುದರಿಂದ ಕೆಟ್ಟ ಸೆನ್ಸರಿನ ಪ್ಯಾನೆಲ್ಲಿನಲ್ಲಿಯೂ ಅಂಕಿ ಅಚ್ಚುಕಟ್ಟಾಗಿ 28ರಲ್ಲಿಯೇ ನಿಂತಿರುತ್ತದೆ. ಪ್ಯಾನೆಲ್ ಸರಿಯಾಗಿದೆ ಎನ್ನುವುದಕ್ಕೆ ಪ್ಯಾನೆಲ್ಲಿನ ಅಂಕಿಯನ್ನೇ ಸಾಕ್ಷಿಯಾಗಿ ತೋರಿಸುವುದು, ಕಳ್ಳನನ್ನೇ ಕಾವಲಿಗೆ ಇಟ್ಟಂತೆ.

ಇನ್ನೊಂದು ಅಂಶವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ಸೆನ್ಸರ್ ನಿಜಕ್ಕಿಂತ ಹೆಚ್ಚು ತೋರಿಸಿದರೆ ಹೀಟರ್ ಬೇಗ ನಿಂತು ಕೋಣೆ ತಣ್ಣಗಾಗುತ್ತದೆ. ನಿಜಕ್ಕಿಂತ ಕಡಿಮೆ ತೋರಿಸಿದರೆ ಹೀಟರ್ ನಿಲ್ಲದೆ ಉರಿದು ಕೋಣೆ ಕಾಯುತ್ತದೆ. ತೋರಿಕೆಯ ತಪ್ಪೂ ಕೋಣೆಯ ತಪ್ಪೂ ಯಾವಾಗಲೂ ವಿರುದ್ಧ ದಿಕ್ಕಿನವು. ಇದನ್ನು ತಿಳಿಯದ ಕೆಲಸಗಾರರು ಅಂಕಿಯನ್ನು ನೋಡಿ ತಿರುವನ್ನು ತಪ್ಪು ಕಡೆಗೆ ತಿರುಗಿಸಿ ಕೇಡನ್ನು ದ್ವಿಗುಣ ಮಾಡುವುದುಂಟು.

ಸೆನ್ಸರಿನ ಜಾತಿಗಳು

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸೆನ್ಸರ್ ಕೇಳಿದರೆ, ಯಾವ ಸೆನ್ಸರ್ ಎಂದು ಮರುಪ್ರಶ್ನೆ ಬರುತ್ತದೆ. ನೋಡಲು ಎಲ್ಲವೂ ಒಂದು ಸ್ಟೀಲ್ ಕೊಳವೆ, ಅದಕ್ಕೆ ಬಾಲದಂತೆ ತಂತಿ. ಒಳಗಿನ ಸರಕು ಮಾತ್ರ ಬೇರೆ ಬೇರೆ.

ಪಿಟಿ-100 ಎಂಬುದು ಪ್ಲಾಟಿನಂ ತಂತಿಯ ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ ಅದರ ವಿದ್ಯುತ್ ನಿರೋಧ 100 ಓಮ್. ಹೆಸರಿನಲ್ಲಿರುವ 100 ಅದೇ. ಉಷ್ಣತೆ ಒಂದು ಡಿಗ್ರಿ ಏರಿದರೆ ನಿರೋಧ ಸುಮಾರು 0.39 ಓಮಿನಷ್ಟು ಏರುತ್ತದೆ. 25 ಡಿಗ್ರಿಯಲ್ಲಿ 109.7 ಓಮ್, 28 ಡಿಗ್ರಿಯಲ್ಲಿ 110.9 ಓಮ್.

ಥರ್ಮಿಸ್ಟರ್ ಇದಕ್ಕೆ ತಿರುಗುಮುರುಗು. ಬಿಸಿಯಾದಂತೆ ಅದರ ನಿರೋಧ ಇಳಿಯುತ್ತದೆ. ಚಾಕಿ ಮನೆಗಳ ಅಗ್ಗದ ಕಂಟ್ರೋಲರುಗಳಲ್ಲಿ ಸಾಮಾನ್ಯವಾಗಿ ಸಿಗುವುದು 25 ಡಿಗ್ರಿಯಲ್ಲಿ 10,000 ಓಮ್ ಇರುವ ಎನ್.ಟಿ.ಸಿ. ಥರ್ಮಿಸ್ಟರ್. ಅದರಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 3950 ಎಂಬ ಗುರುತಿನದು 20 ಡಿಗ್ರಿಯಲ್ಲಿ ಸುಮಾರು 12,500 ಓಮ್, 30 ಡಿಗ್ರಿಯಲ್ಲಿ ಸುಮಾರು 8,000 ಓಮ್ ತೋರಿಸುತ್ತದೆ.

ಥರ್ಮೋಕಪಲ್ ಎಂಬ ಮೂರನೆಯ ಜಾತಿ ಕುಲುಮೆ, ಬಾಯ್ಲರುಗಳಿಗೆ ತಕ್ಕದ್ದು. ಎರಡು ಬೇರೆ ಲೋಹಗಳ ಬೆಸುಗೆಯಲ್ಲಿ ಹುಟ್ಟುವ ಅತ್ಯಲ್ಪ ವೋಲ್ಟೇಜಿನಿಂದ ಅದು ಉಷ್ಣತೆ ಅಳೆಯುತ್ತದೆ. ಒಂದೆರಡು ಡಿಗ್ರಿಯ ನಿಖರತೆ ಬೇಕಾದ ಚಾಕಿ ಮನೆಗೆ ಅದು ಹೊಂದುವುದಿಲ್ಲ. ಹಳೆಯ ಪ್ಯಾನೆಲ್ಲುಗಳಲ್ಲಿ ದ್ರವ ತುಂಬಿದ ಬುರುಡೆ ಮತ್ತು ಸಣ್ಣ ತಾಮ್ರದ ನಾಳದ ಥರ್ಮೊಸ್ಟಾಟ್ ಇನ್ನೂ ಉಂಟು. ನಾಳ ಮಡಚಿ ಸೀಳಿದರೆ ದ್ರವ ಸೋರಿ, ಕೋಣೆ ಎಷ್ಟು ಕಾಯ್ದರೂ ಅದಕ್ಕೆ ಚಳಿಯೇ; ಹೀಟರ್ ಉರಿಯುತ್ತಲೇ ಇರುತ್ತದೆ.

ಈ ಭೇದ ತಿಳಿದರೆ ದೋಷದ ಅರ್ಧ ಭಾಗ ಅಲ್ಲಿಯೇ ಬಿಡಿಸಿಕೊಳ್ಳುತ್ತದೆ. ಪಿಟಿ-100ರ ತಂತಿ ಕಡಿದರೆ ನಿರೋಧ ಅಪಾರವಾಗಿ, ಕಂಟ್ರೋಲರಿಗೆ ಬೆಂಕಿಯಂತಹ ಉಷ್ಣತೆಯಾಗಿ ಕಾಣುತ್ತದೆ, ಹೀಟರ್ ನಿಲ್ಲುತ್ತದೆ. ಥರ್ಮಿಸ್ಟರಿನ ತಂತಿ ಕಡಿದರೆ ಅದೇ ಅಪಾರ ನಿರೋಧ ಹಿಮದಂತಹ ಚಳಿಯಾಗಿ ಕಾಣುತ್ತದೆ. ಹೀಟರ್ ಹತ್ತಿ ಉರಿಯುತ್ತದೆ. ಎರಡು ತಂತಿ ಒಂದಕ್ಕೊಂದು ತಾಗಿದರೆ ಇದೆಲ್ಲ ಅದಲು ಬದಲು. ಒಳ್ಳೆಯ ಕಂಟ್ರೋಲರುಗಳು ಇಂತಹ ಸ್ಥಿತಿಯಲ್ಲಿ ಅಂಕಿಯ ಬದಲು ಅಕ್ಷರಗಳನ್ನೋ ಗೆರೆಗಳನ್ನೋ ತೋರಿಸಿ ಹೀಟರನ್ನು ನಿಲ್ಲಿಸುತ್ತವೆ. ಎಲ್ಲವೂ ಹಾಗೆ ಮಾಡುವುದಿಲ್ಲ. ಕೊಳ್ಳುವಾಗಲೇ ಅಂಗಡಿಯವನ ಎದುರಿಗೆ ಸೆನ್ಸರ್ ತಂತಿಯನ್ನು ಬಿಚ್ಚಿಸಿ, ಔಟ್‌ಪುಟ್ ದೀಪ ಆರುತ್ತದೆಯೇ ಎಂದು ನೋಡಿಕೊಳ್ಳುವುದು ಲೇಸು.

ದೋಷ ಹುಡುಕುವ ಕ್ರಮ

ಅನುಮಾನ ಬಂದ ಕೂಡಲೇ ಪೆಟ್ಟಿಗೆ ಬಿಚ್ಚುವುದು ನಮ್ಮ ಕಡೆಯ ವಾಡಿಕೆ. ಹಾಗೆ ಮಾಡಬಾರದು. ಮೊದಲು ಬೇಕಾದದ್ದು ನಂಬಬಹುದಾದ ಒಂದು ಗಾಜಿನ ಥರ್ಮಾಮೀಟರ್. ಅದನ್ನು ಸೆನ್ಸರಿನ ಮಗ್ಗುಲಿಗೇ, ಒಂದಂಗುಲ ದೂರದಲ್ಲಿ ದಾರದಿಂದ ಕಟ್ಟಿ, ಬಾಗಿಲು ಮುಚ್ಚಿ, 20 ನಿಮಿಷ ಬಿಡಬೇಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಒದಗದು; ಅದರ ಅಂಕಿ ಪ್ರಾರಂಭವಾಗುವುದೇ 35ರ ಆಸುಪಾಸಿನಿಂದ. ಕೆಂಪು ದ್ರವದ ಥರ್ಮಾಮೀಟರ್ ಆದರೆ ದ್ರವದ ಗೆರೆ ನಡುವೆ ಎಲ್ಲಿಯೂ ತುಂಡಾಗಿಲ್ಲವೆಂದು ನೋಡಬೇಕು. ಸಾಗಿಸುವಾಗ ಗೆರೆ ತುಂಡಾದ ಥರ್ಮಾಮೀಟರನ್ನು ನಂಬಿ ಒಳ್ಳೆಯ ಸೆನ್ಸರನ್ನು ಬಿಸಾಡಿದವರೂ ಇದ್ದಾರೆ.

ಎರಡರ ಅಂಕಿ ಅರ್ಧ ಡಿಗ್ರಿಯೊಳಗೆ ಕೂಡಿದರೆ ಸೆನ್ಸರ್ ನಿರಪರಾಧಿ. ಆಗ ಅದು ಇರುವ ಜಾಗವನ್ನು ಪರೀಕ್ಷಿಸಬೇಕು. ಅನೇಕ ಕೇಂದ್ರಗಳಲ್ಲಿ ಎಲೆಕ್ಟ್ರಿಷಿಯನ್ ತನ್ನ ಅನುಕೂಲಕ್ಕೆ ಪೆಟ್ಟಿಗೆಯ ಹತ್ತಿರವೇ, ಗೋಡೆಗೆ ತಾಗಿಸಿ, ಮೊಳೆ ಹೊಡೆದು ಸೆನ್ಸರ್ ನಿಲ್ಲಿಸಿರುತ್ತಾನೆ. ಗೋಡೆಯ ತಂಪು ಸೆನ್ಸರಿಗೆ ಹತ್ತುತ್ತದೆ. ಇನ್ನು ಕೆಲವೆಡೆ ಹೀಟರಿನ ಗಾಳಿ ಬೀಸುವ ದಾರಿಯಲ್ಲಿಯೇ ಇರುತ್ತದೆ. ಗಾಳಿ ತಾಗಿದೊಡನೆ 28 ಬಂದು ಹೀಟರ್ ನಿಂತುಬಿಡುತ್ತದೆ, ಕೋಣೆಯ ಇನ್ನೊಂದು ಮೂಲೆಯಲ್ಲಿ 24. ಬಿಸಿ ಗಾಳಿ ಮೇಲೇರುವುದರಿಂದ ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಎರಡು ಮೂರು ಡಿಗ್ರಿ ಅಂತರ ಬರುವುದು ಸಾಮಾನ್ಯ. ಸೆನ್ಸರ್ ಇರಬೇಕಾದದ್ದು ಕೋಣೆಯ ನಡುವೆ, ತಟ್ಟೆಗಳ ಸಾಲಿನ ನಡು ಎತ್ತರದಲ್ಲಿ, ಸೊಪ್ಪಿಗಾಗಲಿ ಕಬ್ಬಿಣದ ಸ್ಟ್ಯಾಂಡಿಗಾಗಲಿ ತಾಗದಂತೆ. ಬಾಗಿಲಿನಿಂದಲೂ ಹೀಟರಿನಿಂದಲೂ ದೂರವಿರಬೇಕು. ಒಂದು ಸಣ್ಣ ಫ್ಯಾನನ್ನು ಗೋಡೆಯ ಕಡೆಗೆ ಮುಖ ಮಾಡಿ ಓಡಿಸಿದರೆ, ಹುಳುವಿನ ಮೇಲೆ ನೇರವಾಗಿ ಗಾಳಿ ಬೀಳದೆ ಕೋಣೆಯ ಗಾಳಿ ಬೆರೆಯುತ್ತದೆ.

ಅಂಕಿಗಳು ಕೂಡದಿದ್ದರೆ ಮುಂದಿನ ಹೆಜ್ಜೆ. ಸೆನ್ಸರನ್ನು ಅಂಗೈಯಲ್ಲಿ ಹಿಡಿದು ಮುಚ್ಚಬೇಕು. ಒಂದು ನಿಮಿಷದೊಳಗೆ ಅಂಕಿ ಮೆಲ್ಲಗೆ ಏರಿ 30ರ ಮೇಲೆ ಹೋಗಬೇಕು. ಏರದಿದ್ದರೆ ಆ ಸೆನ್ಸರಿನಿಂದ ಪೆಟ್ಟಿಗೆಗೆ ಸುದ್ದಿಯೇ ಹೋಗುತ್ತಿಲ್ಲ ಎಂದರ್ಥ. ಏರುವ ಬದಲು ಇಳಿದರೆ ಅದು ಥರ್ಮೋಕಪಲ್ಲಾಗಿದ್ದು ತಂತಿಗಳು ಅದಲು ಬದಲಾಗಿವೆ, ಇಲ್ಲವೇ ಕಂಟ್ರೋಲರಿನಲ್ಲಿ ಸೆನ್ಸರಿನ ಜಾತಿ ತಪ್ಪಾಗಿ ನಮೂದಾಗಿದೆ. ಯಾರೋ ಗುಂಡಿ ಒತ್ತಿ ಪಿಟಿ-100ರ ಬದಲು ಬೇರೆ ಜಾತಿಗೆ ಬದಲಾಯಿಸಿದ್ದರಿಂದ ಪ್ಯಾನೆಲ್ ಹುಚ್ಚಾದದ್ದುಂಟು. ಹೊಸ ಸೆನ್ಸರಿಗೆ ಓಡುವ ಮುನ್ನ ಈ ನಮೂದನ್ನು ನೋಡಬೇಕು.

ಅಂಕಿ ಏರುತ್ತದೆ, ಆದರೆ ಯಾವಾಗಲೂ ಎರಡು ಡಿಗ್ರಿ ಹೆಚ್ಚು ಎನ್ನುವ ದೋಷವೇ ಬಹಳ ಮೋಸದ್ದು. ಪಿಟಿ-100 ಆಗಿದ್ದರೆ ತಂತಿಯನ್ನು ಶಂಕಿಸಬೇಕು. ಕೇಂದ್ರವನ್ನು ವಿಸ್ತರಿಸಿದಾಗ ಸೆನ್ಸರನ್ನು ದೂರಕ್ಕೆ ಒಯ್ಯಲು ಮನೆಯಲ್ಲಿದ್ದ ಸಾಧಾರಣ ಎರಡೆಳೆ ತಂತಿಯನ್ನು ಸೇರಿಸಿರುತ್ತಾರೆ. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿ ಹತ್ತು ಮೀಟರ್ ಹೋಗಿ ಹತ್ತು ಮೀಟರ್ ಬಂದರೆ ಸುಮಾರು 0.7 ಓಮ್ ನಿರೋಧ ಕೂಡುತ್ತದೆ. ಒಂದು ಡಿಗ್ರಿಗೆ 0.39 ಓಮಿನ ಲೆಕ್ಕದಲ್ಲಿ ಅದು ಸುಮಾರು ಎರಡು ಡಿಗ್ರಿ. ಪೆಟ್ಟಿಗೆ 28 ಎನ್ನುವಾಗ ಹುಳುವಿಗೆ 26. ಈ ತೊಡಕಿಗಾಗಿಯೇ ಪಿಟಿ-100ಕ್ಕೆ ಮೂರು ತಂತಿಯ ಏರ್ಪಾಡು ಇದೆ. ಎರಡು ತಂತಿ ಒಂದೇ ಬಣ್ಣದವು, ಸಾಧಾರಣವಾಗಿ ಕೆಂಪು, ಮೂರನೆಯದು ಬಿಳಿ. ಮೂರನೆಯ ಎಳೆಯ ಸಹಾಯದಿಂದ ಕಂಟ್ರೋಲರ್ ತಂತಿಯ ನಿರೋಧವನ್ನು ತಾನೇ ಕಳೆದುಕೊಳ್ಳುತ್ತದೆ. ದೂರ ಒಯ್ಯುವಾಗ ಮೂರೂ ಎಳೆಗಳನ್ನು ಒಂದೇ ಬಗೆಯ, ಒಂದೇ ಉದ್ದದ ತಂತಿಯಿಂದ ಒಯ್ಯಬೇಕು. ಮೂರನೆಯ ಎಳೆಯನ್ನು ಕತ್ತರಿಸಿ, ಪೆಟ್ಟಿಗೆಯಲ್ಲಿ ಎರಡು ತಿರುಪುಗಳನ್ನು ತುಂಡು ತಂತಿಯಿಂದ ಜೋಡಿಸುವ ಕಳ್ಳಹಾದಿ ಬೇಡ.

ಥರ್ಮಿಸ್ಟರಿಗೆ ಈ ತಂತಿಯ ತೊಂದರೆ ಇಲ್ಲ. ಹತ್ತು ಸಾವಿರ ಓಮಿನ ಮುಂದೆ ಒಂದು ಓಮ್ ಲೆಕ್ಕಕ್ಕಿಲ್ಲ. ಅದರ ಶತ್ರು ನೀರು. ಚಾಕಿ ಮನೆಯಲ್ಲಿ ತೇವಾಂಶ ಶೇ. 90ರ ತನಕ ಇರುವುದರಿಂದ, ಟೇಪು ಸುತ್ತಿದ ಜೋಡಣೆಯೊಳಗೆ ಹನಿ ಕಟ್ಟಿ, ಎರಡು ಎಳೆಗಳ ನಡುವೆ ಕರೆಂಟು ಸೋರುತ್ತದೆ. ಸೋರುವ ದಾರಿಯ ನಿರೋಧ ಒಂದು ಲಕ್ಷ ಓಮ್ ಇದ್ದರೂ ಸಾಕು, 25 ಡಿಗ್ರಿಯ ಸೆನ್ಸರ್ 27 ಎಂದು ತೋರಿಸುತ್ತದೆ. ಇಲ್ಲಿಯೂ ಫಲ ಒಂದೇ, ಹೀಟರ್ ಬೇಗ ನಿಂತು ಕೋಣೆ ತಣ್ಣಗಾಗುವುದು. ಬೆಳಗಿನ ಜಾವ ತೇವ ಹೆಚ್ಚಾದಾಗ ತಪ್ಪು ಹೆಚ್ಚಿ, ಮಧ್ಯಾಹ್ನ ಒಣಗಿದಾಗ ತಪ್ಪು ಕಡಿಮೆಯಾಗುವುದರಿಂದ, ಹಗಲು ಬಂದು ಪರೀಕ್ಷಿಸುವ ಮೆಕ್ಯಾನಿಕ್ಕಿಗೆ ದೋಷ ಕಾಣುವುದೇ ಇಲ್ಲ. ತಂತಿಯನ್ನು ನಡುವೆ ಜೋಡಿಸದೆ ಒಂದೇ ಉದ್ದಕ್ಕೆ ಒಯ್ಯುವುದು, ಅನಿವಾರ್ಯವಾದರೆ ಬೆಸೆದು ಅಂಟು ತುಂಬಿದ ಕುಗ್ಗುಕೊಳವೆ ಹಾಕುವುದು ಇದಕ್ಕೆ ಮದ್ದು.

ಪಂಪ್‌ಸೆಟ್ಟೋ ಹೀಟರೋ ಹತ್ತಿದಾಗ ಮಾತ್ರ ಅಂಕಿ ಕುಣಿದು ಮತ್ತೆ ಸರಿಹೋದರೆ, ಸೆನ್ಸರ್ ತಂತಿಯು ಕರೆಂಟು ತಂತಿಯ ಜೊತೆಯಲ್ಲಿ ಒಂದೇ ಪೈಪಿನೊಳಗೆ ಹೋಗಿದೆ ಎಂದು ತಿಳಿಯಬಹುದು. ಬೇರೆ ಪೈಪು ಹಾಕಿ ದೂರ ಸರಿಸಿದರೆ ಆಯಿತು.

ಮೀಟರ್ ಮತ್ತು ಮಂಜುಗಡ್ಡೆ

ಇನ್ನು ಮಲ್ಟಿಮೀಟರ್. ಇದನ್ನು ಬಳಸುವ ಮೊದಲು ಪ್ಯಾನೆಲ್ಲಿನ ಮೇನ್ ಸ್ವಿಚ್ಚನ್ನೇ ಆರಿಸಬೇಕು. ಚಾಕಿ ಮನೆಯ ನೆಲ ಸದಾ ಒದ್ದೆ. ಬರಿಗಾಲಿನಲ್ಲಿ ನಿಂತು ಕೈಯಿಟ್ಟರೆ ಹುಳುವಿಗಿಂತ ಮೊದಲು ಮನುಷ್ಯನ ಜೀವ ಹೋದೀತು. ಸೋರುವ ಕರೆಂಟನ್ನು ಗುರುತಿಸಿ ತಾನೇ ಕಡಿದುಕೊಳ್ಳುವ ಬ್ರೇಕರ್ ಇಲ್ಲದ ಕೇಂದ್ರದವರು ಬೇರೆ ಯಾವ ಖರ್ಚಿಗಿಂತ ಮೊದಲು ಅದನ್ನು ಹಾಕಿಸಬೇಕು. ಸೆನ್ಸರಿನ ಎಳೆಗಳನ್ನು ತಿರುಪಿನಿಂದ ಬಿಡಿಸಿ ಓಮ್ ಅಳೆದಾಗ, ಮೂರೆಳೆಯ ಪಿಟಿ-100ರಲ್ಲಿ ಎರಡು ಕೆಂಪು ಎಳೆಗಳ ನಡುವೆ ಹೆಚ್ಚುಕಡಿಮೆ ಸೊನ್ನೆ, ಕೆಂಪು ಬಿಳಿಯ ನಡುವೆ 110ರ ಆಸುಪಾಸು ಇರಬೇಕು. ಥರ್ಮಿಸ್ಟರಿನಲ್ಲಿ 8,000ದಿಂದ 12,500ರೊಳಗೆ. ಎಳೆಗೂ ಸ್ಟೀಲ್ ಕೊಳವೆಗೂ ನಡುವೆ ಏನೂ ತೋರಬಾರದು. ತೋರಿದರೆ ಒಳಗೆ ನೀರು ಹೊಕ್ಕಿದೆ.

ಮೀಟರಿನ ಮಿತಿಯನ್ನೂ ತಿಳಿದಿರಬೇಕು. ಅಗ್ಗದ ಮಲ್ಟಿಮೀಟರ್ 110 ಓಮಿನಲ್ಲಿ ಒಂದು ಓಮಿನಷ್ಟು ತಪ್ಪಬಹುದು. ಅದೆಂದರೆ ಎರಡೂವರೆ ಡಿಗ್ರಿ. ಎಳೆ ಕಡಿದಿದೆಯೇ, ತಾಗಿದೆಯೇ ಎಂದು ಹೇಳುವುದಕ್ಕೆ ಅದು ಸಾಕು. ಪಿಟಿ-100 ಒಂದು ಡಿಗ್ರಿ ತಪ್ಪಿದೆ ಎಂದು ತೀರ್ಪು ಕೊಡುವ ಅರ್ಹತೆ ಅದಕ್ಕಿಲ್ಲ.

ಆ ತೀರ್ಪಿಗೆ ಮಂಜುಗಡ್ಡೆಯೇ ಒಳ್ಳೆಯದು. ಫ್ಲಾಸ್ಕಿನಲ್ಲಿ ಮಂಜುಗಡ್ಡೆಯನ್ನು ಸಣ್ಣಗೆ ಪುಡಿ ಮಾಡಿ ತುಂಬಿ, ಸಂದುಗಳು ತುಂಬುವಷ್ಟು ಶುದ್ಧ ನೀರು ಸುರಿದು, ಕಲಕಿ, ಸೆನ್ಸರಿನ ತುದಿಯನ್ನು ನಡುವೆ ಇಳಿಬಿಟ್ಟು ಹತ್ತು ನಿಮಿಷ ಕಾದರೆ ಅಂಕಿ ಸೊನ್ನೆಗೆ ಬಂದು ನಿಲ್ಲಬೇಕು. ಉಪ್ಪು ಸೇರಬಾರದು, ಸೇರಿದರೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಗಾಜಿನ ಥರ್ಮಾಮೀಟರನ್ನೂ ಅದರಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ಕುದಿಯುವ ನೀರಿನಲ್ಲಿ ಪರೀಕ್ಷೆ ಮಾಡುವವರು ಒಂದು ಮಾತು ನೆನಪಿಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪುಸ್ತಕದ 100ನ್ನು ನಂಬಿ ಮೂರು ಡಿಗ್ರಿ ತಿದ್ದುಪಡಿ ಕೊಟ್ಟರೆ ಸರಿಯಿದ್ದ ಪ್ಯಾನೆಲ್ ಕೆಟ್ಟುಹೋಗುತ್ತದೆ.

ಸೆನ್ಸರ್ ಸರಿಯಿದ್ದು ಕಂಟ್ರೋಲರನ್ನೇ ಶಂಕಿಸಬೇಕಾದಾಗ, ಥರ್ಮಿಸ್ಟರಿನ ಜಾಗಕ್ಕೆ ಶೇ. 1ರ ನಿಖರತೆಯ 10,000 ಓಮಿನ ರೆಸಿಸ್ಟರ್ ಒಂದನ್ನು ತಿರುಪಿಗೆ ಹಾಕಿದರೆ ಅಂಕಿ 25 ಬರಬೇಕು. ಕಾಲು ಡಿಗ್ರಿ ಆಚೀಚೆ ಆದರೆ ಚಿಂತೆಯಿಲ್ಲ. ಪಿಟಿ-100ಕ್ಕೆ 110 ಓಮಿನ ರೆಸಿಸ್ಟರಿನಿಂದ 26ಕ್ಕೆ ಸ್ವಲ್ಪ ಕಡಿಮೆ ಬರಬೇಕು. ಆದರೆ ಶೇ. 1 ಎಂದರೆ ಇಲ್ಲಿ ಮೂರು ಡಿಗ್ರಿಯ ಹತ್ತಿರ ತಪ್ಪಾಗುತ್ತದೆ. ಆದುದರಿಂದ ಇದಕ್ಕೆ ಶೇ. 0.1ರದನ್ನೇ ಕೇಳಿ ತರಬೇಕು.

ಸೆನ್ಸರ್ ಸರಿ, ಹೀಟರ್ ನಿಲ್ಲದು

ಅಂಕಿ 31, 32 ಎಂದು ನಿಜವನ್ನೇ ಹೇಳುತ್ತಿರುತ್ತದೆ, ಕಂಟ್ರೋಲರಿನ ಔಟ್‌ಪುಟ್ ದೀಪವೂ ಆರಿರುತ್ತದೆ, ಆದರೂ ಹೀಟರ್ ಕೆಂಪಗೆ ಉರಿಯುತ್ತಿರುತ್ತದೆ. ಇದು ಕಾಂಟ್ಯಾಕ್ಟರಿನ ದೋಷ. ಅದರ ಒಳಗಿನ ಲೋಹದ ಗುಂಡಿಗಳು ಕಿಡಿ ಹಾರಿ ಹಾರಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅನೇಕರು ಇಂತಹ ಸಮಯದಲ್ಲಿ ಸೆನ್ಸರ್ ಬದಲಾಯಿಸಿ, ಕಂಟ್ರೋಲರ್ ಬದಲಾಯಿಸಿ, ಸುಮ್ಮನೆ ಹಣ ಕಳೆಯುತ್ತಾರೆ.

ಚಾಕಿ ಮನೆಗೆ ಒಂದು ಎರಡನೆಯ ಕಾವಲು ಇರಲೇಬೇಕು ಎನ್ನುವುದು ಇದರಿಂದಲೇ. ಮೊದಲ ಪ್ಯಾನೆಲ್ಲಿಗೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಥರ್ಮೊಸ್ಟಾಟನ್ನು 31 ಡಿಗ್ರಿಗೆ ಕಟ್ಟಿ, ಅದು ಬೇರೆಯದೇ ಕಾಂಟ್ಯಾಕ್ಟರಿನ ಮೂಲಕ ಹೀಟರಿನ ಕರೆಂಟನ್ನು ಕಡಿಯುವಂತೆ ಮಾಡಬೇಕು. ಅದೇ ಹಳೆಯ ಕಾಂಟ್ಯಾಕ್ಟರಿನ ಸುರುಳಿಗೆ ಜೋಡಿಸಿದರೆ ಪ್ರಯೋಜನವಿಲ್ಲ. ಬೆಸೆದ ಗುಂಡಿ ಸುರುಳಿಯ ಮಾತು ಕೇಳುವುದಿಲ್ಲ. ಉಷ್ಣತೆ 25ಕ್ಕಿಂತ ಕೆಳಗಿಳಿದರೆ ಕೆಲಸಗಾರ ಮಲಗುವ ಕೋಣೆಯಲ್ಲಿ ಗಂಟೆ ಬಾರಿಸುವ ಏರ್ಪಾಡೂ ಬೇಕು. ಅದಕ್ಕೆ ಬ್ಯಾಟರಿ ಇರಬೇಕು. ಕರೆಂಟು ಹೋದಾಗಲೇ ಅಲ್ಲವೇ ಅದರ ಅಗತ್ಯ? ಮೊಬೈಲಿಗೆ ಸಂದೇಶ ಕಳಿಸುವ ಸಾಧನಗಳೂ ಬಂದಿವೆ. ಅವೂ ಆಗಬಹುದು, ಗಂಟೆಯ ಜೊತೆಗೆ.

ತೇವಾಂಶದ ಸೆನ್ಸರ್

ತೇವಾಂಶ ಅಳೆಯುವ ಎಲೆಕ್ಟ್ರಾನಿಕ್ ಸೆನ್ಸರ್ ಉಷ್ಣತೆಯದಕ್ಕಿಂತ ಸೂಕ್ಷ್ಮ, ಬೇಗ ಕೆಡುತ್ತದೆ. ಫಾರ್ಮಲಿನ್ ಹಬೆಯೂ ಕ್ಲೋರಿನ್ ಗಾಳಿಯೂ ಅದಕ್ಕೆ ವಿಷ. ಪರೀಕ್ಷಿಸಲು ಅಡಿಗೆ ಉಪ್ಪು ಸಾಕು. ಒಂದು ಬಟ್ಟಲಿನಲ್ಲಿ ಉಪ್ಪು ಹಾಕಿ, ಹಸಿ ಮರಳಿನಂತೆ ಆಗುವಷ್ಟು ಮಾತ್ರ ನೀರು ಬೆರೆಸಿ, ಅದನ್ನು ಸೆನ್ಸರಿನ ಸಮೇತ ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಬೇಕು. ಸೆನ್ಸರಿಗೆ ಉಪ್ಪು ತಾಗಕೂಡದು. ಏಳೆಂಟು ಗಂಟೆಯ ನಂತರ ಡಬ್ಬದೊಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಂತಿರುತ್ತದೆ. ಸೆನ್ಸರ್ ಐದಕ್ಕಿಂತ ಹೆಚ್ಚು ಆಚೀಚೆ ತೋರಿಸಿದರೆ ಬದಲಾಯಿಸಬೇಕು. ಒದ್ದೆ-ಒಣ ಬುರುಡೆಯ ಜೋಡಿ ಥರ್ಮಾಮೀಟರನ್ನೂ ಬಿಡಬಾರದು. ಒಣ ಬುರುಡೆ 27, ಒದ್ದೆ ಬುರುಡೆ 25 ತೋರಿಸಿದರೆ ತೇವಾಂಶ ಸುಮಾರು ಶೇ. 85. ಬತ್ತಿ ಕೊಳೆಯಾಗಿ ಗಟ್ಟಿಯಾದರೆ ನೀರು ಹೀರದೆ ಅದೂ ಸುಳ್ಳು ಹೇಳುತ್ತದೆ. ಬತ್ತಿಯನ್ನು ವಾರಕ್ಕೊಮ್ಮೆ ತೊಳೆಯಬೇಕು.

ಸೋಂಕು ನಿವಾರಣೆಯ ಸಮಯ

ಸೆನ್ಸರಿನ ತಿರುಪುಗಳು ಹಸಿರುಗಟ್ಟಿ ಹಾಳಾಗುವುದಕ್ಕೆ ಮುಖ್ಯ ಕಾರಣ ಬ್ಲೀಚಿಂಗ್ ಪುಡಿ. ಶೇ. 2ರ ಬ್ಲೀಚಿಂಗ್ ದ್ರಾವಣವನ್ನು ಸುಣ್ಣದ ಜೊತೆ ಸಿಂಪಡಿಸುವುದು ರೋಗ ತಡೆಗೆ ಅಗತ್ಯವೇ, ಅದನ್ನು ಕೈಬಿಡಬಾರದು. ಆದರೆ ಆ ದ್ರಾವಣ ತಾಮ್ರವನ್ನು ತಿನ್ನುತ್ತದೆ. ಸಿಂಪಡಿಸುವ ಮುನ್ನ ತೇವಾಂಶದ ಸೆನ್ಸರನ್ನು ಬಿಚ್ಚಿ ಹೊರಗೆ ಒಯ್ಯಬೇಕು. ಉಷ್ಣತೆಯ ಸೆನ್ಸರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಪೆಟ್ಟಿಗೆಯ ಬಾಗಿಲು ಭದ್ರಪಡಿಸಿ, ತಂತಿ ಹೋಗುವ ತೂತುಗಳನ್ನು ಮುಚ್ಚಬೇಕು. ಚೀಲವನ್ನು ಮತ್ತೆ ಬಿಚ್ಚಲು ಮರೆಯುವವರಿದ್ದಾರೆ. ಚೀಲದೊಳಗಿನ ಸೆನ್ಸರಿಗೆ ಕೋಣೆಯ ಉಷ್ಣತೆ ತಡವಾಗಿ ತಲುಪಿ, ಹೀಟರ್ ಅತ್ತ ಹೆಚ್ಚು ಇತ್ತ ಕಡಿಮೆ ಎಂದು ತೂಗಾಡುತ್ತದೆ.

ಇದೇ ಕ್ರಮ ಕೋಳಿ ಮರಿಗಳ ಬ್ರೂಡರಿಗೂ ಸಲ್ಲುತ್ತದೆ. ಅಲ್ಲಿ ಮೊದಲ ವಾರ ಸುಮಾರು 35 ಡಿಗ್ರಿಯಿಂದ ಪ್ರಾರಂಭಿಸಿ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾರೆ, ಮರಿಗಳು ದೀಪದ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ ಎಂದು ಸೆನ್ಸರಿಗಿಂತ ಮೊದಲು ಮರಿಗಳೇ ಹೇಳಿಬಿಡುತ್ತವೆ. ಚಾಕಿ ಹುಳು ಅಷ್ಟು ಬೇಗ ಹೇಳುವುದಿಲ್ಲ.

ಚಾಕಿ ಕಟ್ಟುವ ಹಿಂದಿನ ದಿನ ಹೀಟರನ್ನು ಹಚ್ಚಿ, ಖಾಲಿ ತಟ್ಟೆಗಳನ್ನು ಜೋಡಿಸಿ, ಒಂದು ಇಡೀ ರಾತ್ರಿ ಓಡಿಸಿ ನೋಡಬೇಕು. ಸಂಜೆ 6, ರಾತ್ರಿ 10, ರಾತ್ರಿ 2, ಬೆಳಗ್ಗೆ 6, ಹೀಗೆ ನಾಲ್ಕು ಸಲ ಪ್ಯಾನೆಲ್ಲಿನ ಅಂಕಿಯನ್ನೂ ಗಾಜಿನ ಥರ್ಮಾಮೀಟರಿನ ಅಂಕಿಯನ್ನೂ ಒಂದು ನೋಟ್ ಪುಸ್ತಕದಲ್ಲಿ ಅಕ್ಕಪಕ್ಕ ಬರೆದಿಡಬೇಕು. ಅದೇ ಜಾತಿಯ ಇನ್ನೊಂದು ಸೆನ್ಸರನ್ನು, ಮಂಜುಗಡ್ಡೆಯಲ್ಲಿ ಪರೀಕ್ಷಿಸಿ ದಿನಾಂಕದ ಚೀಟಿ ಅಂಟಿಸಿ, ಪೆಟ್ಟಿಗೆಯೊಳಗೇ ಇಟ್ಟಿರಬೇಕು. ರಾತ್ರಿ 2 ಗಂಟೆಗೆ ಎಸ್.ಪಿ. ರಸ್ತೆಯಲ್ಲಿ ಅಂಗಡಿ ತೆರೆದಿರುವುದಿಲ್ಲ.